ತಣ್ಣಗಿನ ಕ್ಯಾಥೋಡ್: ಇಂಗಾಲದ ನ್ಯಾನೊಕೊಳವೆಯಿಂದ ಎಲೆಕ್ಟ್ರಾನ್ ಹೊರಡಿಸುವ ಬಗೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹಳೆಯ ಕಪ್ಪು-ಬಿಳುಪು ಟೀವಿ ನೋಡಿದವರು ಈ ಸಭೆಯಲ್ಲಿ ಸಾಕಷ್ಟು ಜನ ಇದ್ದೀರಿ. ಸ್ವಿಚ್ ಹಾಕಿದ ಕೂಡಲೇ ಧ್ವನಿ ಬರುತ್ತಿತ್ತು. ಚಿತ್ರ ಮಾತ್ರ ಒಂದಷ್ಟು ಹೊತ್ತು ಕಾಯಿಸಿ, ಮಸುಕಾಗಿ ಶುರುವಾಗಿ, ನಿಧಾನಕ್ಕೆ ತಿಳಿಯಾಗುತ್ತಿತ್ತು. ಪಿಕ್ಚರ್ ಟ್ಯೂಬಿನ ಕುತ್ತಿಗೆಯೊಳಗೆ ಕೂತ ಕ್ಯಾಥೋಡ್ ಕಾದು ಕೆಂಪಗಾಗುವ ತನಕ ಎಲೆಕ್ಟ್ರಾನ್ ಬಿಡುತ್ತಿರಲಿಲ್ಲ, ಅದಕ್ಕೇ ಆ ತಡ. ಟೀವಿ ಬದಲಾಯಿತು. ಆದರೆ ಆಸ್ಪತ್ರೆಯ ಎಕ್ಸ್-ರೇ ಟ್ಯೂಬಿನೊಳಗೆ ಇಂದಿಗೂ 2000 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯುವ ಟಂಗ್‌ಸ್ಟನ್ ತಂತಿಯೇ ಇದೆ. ಉಪಗ್ರಹದಲ್ಲಿ ರೇಡಿಯೋ ಸಂಕೇತವನ್ನು ವರ್ಧಿಸುವ ಟ್ರಾವೆಲಿಂಗ್ ವೇವ್ ಟ್ಯೂಬಿನಲ್ಲೂ 1000 ಡಿಗ್ರಿ ಆಸುಪಾಸಿನಲ್ಲಿ ಕಾಯುವ ಕ್ಯಾಥೋಡ್ ಇದೆ. ಬಿಸಿ ಮಾಡದೆ, ಹಾಕಿದ ಕ್ಷಣಕ್ಕೆ ಎಲೆಕ್ಟ್ರಾನ್ ಹೊರಡಿಸುವುದು ಹೇಗೆ, ಅದಕ್ಕೆ ಇಂಗಾಲದ ನ್ಯಾನೊಕೊಳವೆ (ಇಂಗಾಲದ ಪರಮಾಣುಗಳ ಹಾಳೆ ಸುರುಳಿಯಾದಂತಿರುವ ಅತಿಸಣ್ಣ ಕೊಳವೆ) ಏಕೆ ಒಗ್ಗುತ್ತದೆ, ಎಲ್ಲಿ ಕೈಕೊಡುತ್ತದೆ ಎನ್ನುವುದು ಇವತ್ತಿನ ವಿಷಯ.

ಒಂದು ಕೆರೆಯನ್ನು ಕಲ್ಪಿಸಿಕೊಳ್ಳಿ. ನೀರು ಎಂದರೆ ಲೋಹದೊಳಗಿನ ಎಲೆಕ್ಟ್ರಾನ್. ಸುತ್ತ ಏರಿ ಇದೆ. ಏರಿಯ ಎತ್ತರಕ್ಕೆ ಭೌತಶಾಸ್ತ್ರದವರು ವರ್ಕ್ ಫಂಕ್ಷನ್ ಅನ್ನುತ್ತಾರೆ: ಟಂಗ್‌ಸ್ಟನ್‌ಗೆ 4.5 ಎಲೆಕ್ಟ್ರಾನ್ ವೋಲ್ಟ್, ಇಂಗಾಲದ ಕೊಳವೆಗೆ ಸುಮಾರು 5. ಬಿಸಿ ಮಾಡುವುದೆಂದರೆ ನೀರಿನಲ್ಲಿ ಅಲೆ ಎಬ್ಬಿಸಿ ಏರಿಯ ಮೇಲಿಂದ ಚೆಲ್ಲಿಸುವುದು. ಇನ್ನೊಂದು ದಾರಿಯಿದೆ. ಏರಿಯ ಹೊರಮೈಯನ್ನು ಕೆರೆಯುತ್ತಾ ಬಂದು ತೆಳ್ಳಗೆ ಮಾಡಿದರೆ ನೀರು ತಾನೇ ಜಿನುಗುತ್ತದೆ. ಬಲವಾದ ವಿದ್ಯುತ್ ಕ್ಷೇತ್ರ ಮಾಡುವ ಕೆಲಸ ಅದೇ. ಮೇಲ್ಮೈಯ ಮೇಲೆ ನ್ಯಾನೊಮೀಟರಿಗೆ 4 ವೋಲ್ಟಿನಷ್ಟು ಕ್ಷೇತ್ರ ಇದ್ದರೆ ಏರಿಯ ದಪ್ಪ ಒಂದೂಕಾಲು ನ್ಯಾನೊಮೀಟರಿಗೆ ಇಳಿಯುತ್ತದೆ. ಅಷ್ಟು ತೆಳುವಾದ ತಡೆಯನ್ನು ಎಲೆಕ್ಟ್ರಾನ್ ಕ್ವಾಂಟಂ ನಿಯಮದ ಪ್ರಕಾರ ತೂರಿಕೊಂಡು ಹೋಗುತ್ತದೆ. ಫೌಲರ್ ಮತ್ತು ನಾರ್ಡ್‌ಹೈಮ್ 1928ರಲ್ಲೇ ಇದರ ಲೆಕ್ಕ ಕೊಟ್ಟರು. ನಾವು ಇವತ್ತಿಗೂ ಬಳಸುವುದು ಆ ಸಮೀಕರಣವನ್ನೇ.

ತೊಡಕು ಎಲ್ಲಿ? ಸಪಾಟು ತಗಡಿನ ಮೇಲೆ ಅಂಥ ಕ್ಷೇತ್ರ ಬೇಕೆಂದರೆ, ಎರಡು ತಗಡುಗಳ ನಡುವೆ 1 ಮಿಲಿಮೀಟರ್ ಸಂದು ಇದ್ದಾಗ 40 ಲಕ್ಷ ವೋಲ್ಟ್ ಹಾಕಬೇಕು. ಅದು ಆಗದ ಮಾತು. ಆದರೆ ತುದಿ ಚೂಪಾದಷ್ಟೂ ಕ್ಷೇತ್ರ ಅಲ್ಲಿ ಮುಕುರುತ್ತದೆ. ನಿಂತ ಸೂಜಿಯೊಂದರ ಎತ್ತರವನ್ನು ತುದಿಯ ತ್ರಿಜ್ಯದಿಂದ ಭಾಗಿಸಿದರೆ, ಕ್ಷೇತ್ರ ಎಷ್ಟು ಪಟ್ಟು ಹೆಚ್ಚುತ್ತದೆ ಎಂಬ ಸ್ಥೂಲ ಅಂದಾಜು ಸಿಗುತ್ತದೆ. ಎಷ್ಟು ಪಟ್ಟು ಎಂಬ ಈ ಸಂಖ್ಯೆಗೆ ಬೀಟಾ ಎಂದು ಹೆಸರು. ಒಂದು ಮೈಕ್ರಾನ್ ಎಂದರೆ ಸಾವಿರ ನ್ಯಾನೊಮೀಟರ್; 10 ಮೈಕ್ರಾನ್ ಎತ್ತರ, 10 ನ್ಯಾನೊಮೀಟರ್ ತ್ರಿಜ್ಯದ ಕೊಳವೆಗೆ ಬೀಟಾ ಸುಮಾರು 1000. ಆಗ ಹೊರಗಿನಿಂದ ಮೈಕ್ರಾನಿಗೆ 4 ವೋಲ್ಟ್ ಹಾಕಿದರೆ ಸಾಕು. ಸಂದು 200 ಮೈಕ್ರಾನ್ ಎಂದರೆ 800 ವೋಲ್ಟ್. ಇದು ಮೇಜಿನ ಮೇಲಿನ ವಿದ್ಯುತ್ ಸರಬರಾಜು ಪೆಟ್ಟಿಗೆಯಿಂದಲೇ ಸಿಗುವಂಥದ್ದು.

ಚೂಪು ತುದಿ ಹೊಸದಲ್ಲ. ಅಮೆರಿಕದಲ್ಲಿ ಸ್ಪಿಂಟ್ 1968ರಲ್ಲೇ ಮಾಲಿಬ್ಡಿನಂ ಶಂಕುಗಳ ಕ್ಯಾಥೋಡ್ ಮಾಡಿ ತೋರಿಸಿದ್ದರು. ಲೋಹದ ತುದಿಗೆ ಒಂದು ಹುಟ್ಟುಗುಣವಿದೆ: ವಿದ್ಯುತ್ ಹರಿದು ಬಿಸಿಯಾದರೆ ಅದರ ರೋಧ ಏರುತ್ತದೆ, ರೋಧ ಏರಿದರೆ ಇನ್ನಷ್ಟು ಬಿಸಿ. ಕ್ಷೇತ್ರದ ಸೆಳೆತಕ್ಕೆ ಮೆತ್ತಗಾದ ಲೋಹದ ಪರಮಾಣುಗಳು ಸರಿದು ತುದಿ ಇನ್ನೂ ಚೂಪಾಗುತ್ತದೆ, ಕೊನೆಗೆ ಸಿಡಿಯುತ್ತದೆ. ಇಂಗಾಲದ ಕೊಳವೆಯ ಬಂಧ ಸಹವೇಲೆನ್ಸೀಯದು. ಪರಮಾಣುಗಳು ಹಾಗೆ ಸರಿಯುವುದಿಲ್ಲ, ಬಿಸಿಯಾದಾಗ ರೋಧ ಅದೇ ರೀತಿ ಏರಿ ಓಡುವುದೂ ಇಲ್ಲ. ಬಹುಪದರದ ಒಂಟಿ ಕೊಳವೆಯೊಂದು ತಾನು ಹರಿಸುವ ವಿದ್ಯುತ್ತಿನಿಂದಲೇ 2000 ಕೆಲ್ವಿನ್‌ವರೆಗೆ ಕಾದು, ಹೊಳೆಯುತ್ತಾ, ಸ್ಥಿರವಾಗಿ ನಿಂತದ್ದನ್ನು 2002ರಲ್ಲಿ ಅಳೆದು ತೋರಿಸಿದ್ದಾರೆ. ಈಜಿಮಾ 1991ರಲ್ಲಿ ಬಹುಪದರದ ಕೊಳವೆಗಳನ್ನು ವರ್ಣಿಸಿದ ನಾಲ್ಕೇ ವರ್ಷಕ್ಕೆ, 1995ರಲ್ಲಿ, ಒಂದಕ್ಕಿಂತ ಹೆಚ್ಚು ಗುಂಪುಗಳು ಅವುಗಳಿಂದ ಎಲೆಕ್ಟ್ರಾನ್ ಹೊರಡಿಸಿದ್ದವು.

ಇಲ್ಲಿಯವರೆಗೆ ಎಲ್ಲ ಸುಲಲಿತ. ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಕ್ಷೇತ್ರದಲ್ಲಿ ಗೆದ್ದ ಸಾಧನ ಯಾವುದು, ಸೋತದ್ದು ಯಾವುದು ಎಂಬುದೆಲ್ಲ ಇದೊಂದರ ಮೇಲೆ ನಿಂತಿದೆ.

ಫೌಲರ್-ನಾರ್ಡ್‌ಹೈಮ್ ಸಮೀಕರಣದಲ್ಲಿ ಕ್ಷೇತ್ರ ಘಾತಾಂಕದೊಳಗೆ ಕೂತಿದೆ. ವರ್ಕ್ ಫಂಕ್ಷನ್ 5 ಎಂದಿಟ್ಟು ಸರಳ ರೂಪದಲ್ಲೇ ಲೆಕ್ಕ ಹಾಕಿ ನೋಡಿ. ತುದಿಯ ಕ್ಷೇತ್ರ ನ್ಯಾನೊಮೀಟರಿಗೆ 4 ವೋಲ್ಟಿನಿಂದ 5ಕ್ಕೆ ಏರಿದರೆ, ಅಂದರೆ ಕಾಲು ಭಾಗ ಹೆಚ್ಚಾದರೆ, ವಿದ್ಯುತ್ ಸುಮಾರು 70 ಪಟ್ಟು ಹೆಚ್ಚುತ್ತದೆ. 4 ಇದ್ದದ್ದು 4.4 ಆದರೆ 7 ಪಟ್ಟು. ಈ ಎರಡನೆಯ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಕ್ಕಪಕ್ಕದ ಎರಡು ಕೊಳವೆಗಳಲ್ಲಿ ಒಂದು ಇನ್ನೊಂದಕ್ಕಿಂತ ಹತ್ತಕ್ಕೆ ಒಂದು ಪಾಲಿನಷ್ಟು ಹೆಚ್ಚು ಎತ್ತರವಿದ್ದರೆ ಅದು ಇನ್ನೊಂದರ ಏಳು ಪಟ್ಟು ವಿದ್ಯುತ್ ಹೊರುತ್ತದೆ. ಒಂದು ಚದರ ಸೆಂಟಿಮೀಟರಿನಲ್ಲಿ ಕೋಟಿಗಟ್ಟಲೆ ಕೊಳವೆ ಬೆಳೆಸಿದ್ದೇವೆ ಎಂದು ಹೇಳಿಕೊಳ್ಳಬಹುದು. ನಿಜಕ್ಕೂ ಕೆಲಸ ಮಾಡುವುದು ಅದರಲ್ಲಿ ಬೆರಳೆಣಿಕೆಯ ಉದ್ದ ಕೊಳವೆಗಳು. ಭಾರವೆಲ್ಲ ಅವುಗಳ ತಲೆಗೇ ಬಿದ್ದು ಅವು ಸುಟ್ಟುಹೋಗುತ್ತವೆ, ನಂತರ ಅವುಗಳಿಗಿಂತ ಸ್ವಲ್ಪ ಗಿಡ್ಡದವು ಮುಂದೆ ಬರುತ್ತವೆ. ಒಂಟಿ ಕೊಳವೆಯಿಂದ ಎಷ್ಟು ತೆಗೆಯಬಹುದು ಎನ್ನುವ ಪ್ರಶ್ನೆ ಬಹುಮಟ್ಟಿಗೆ ತೀರಿದೆ. ಸಾವಿರ ಕೊಳವೆಗಳ ನಡುವೆ ಕೆಲಸ ಸಮನಾಗಿ ಹಂಚುವುದು ಹೇಗೆ ಎನ್ನುವುದೇ ಉಳಿದಿರುವ ಎಂಜಿನಿಯರಿಂಗ್.

ಹಂಚಿಕೆಯ ಮೊದಲ ಪಾಠ ಅಂತರ. ಕೊಳವೆಗಳು ಒತ್ತೊತ್ತಾಗಿ ನಿಂತರೆ ಒಂದರ ಮರೆಯಲ್ಲಿ ಇನ್ನೊಂದು ಸೇರಿಹೋಗುತ್ತದೆ. ಕ್ಷೇತ್ರರೇಖೆಗಳಿಗೆ ಒಳಗಿಳಿಯಲು ಜಾಗವಿಲ್ಲ, ಅವು ಇಡೀ ಗುಂಪನ್ನು ಸಪಾಟು ಮೈ ಎಂದೇ ಕಾಣುತ್ತವೆ. ತೀರಾ ದೂರ ನೆಟ್ಟರೆ ಒಂದೊಂದರ ಬೀಟಾ ಚೆನ್ನಾಗಿರುತ್ತದೆ, ಆದರೆ ಎಣಿಕೆ ಕಡಿಮೆ. ಎತ್ತರದ ಸುಮಾರು ಎರಡರಷ್ಟು ಅಂತರ ಒಳ್ಳೆಯ ರಾಜಿ: 5 ಮೈಕ್ರಾನ್ ಎತ್ತರದ ಕೊಳವೆಗಳಾದರೆ 10 ಮೈಕ್ರಾನಿಗೊಂದು. ದಟ್ಟವಾಗಿ ಬೆಳೆದ ನ್ಯಾನೊಕೊಳವೆ ಕಾಡು ಮೈಕ್ರೋಸ್ಕೋಪಿನ ಚಿತ್ರದಲ್ಲಿ ಬಹಳ ಚಂದ. ಅದನ್ನು ಎಲೆಕ್ಟ್ರಾನ್ ಬಡಿದಲ್ಲಿ ಬೆಳಗುವ ಫಾಸ್ಫರ್ ಪರದೆಯ ಎದುರಿಟ್ಟು ನೋಡಿದರೆ ಅಂಚುಗಳಷ್ಟೇ ಬೆಳಗುತ್ತವೆ, ನಡುಭಾಗ ಕತ್ತಲೆ. ಹಾಗಾಗಿ ಕ್ಯಾಟಲಿಸ್ಟನ್ನು, ಅಂದರೆ ಕೊಳವೆ ಮೊಳೆಯಲು ಬೀಜದಂತಿರುವ ಲೋಹವನ್ನು, ಮೊದಲೇ ಲಿಥೋಗ್ರಫಿಯಿಂದ (ಬೆಳಕಿನಿಂದ ಸೂಕ್ಷ್ಮ ವಿನ್ಯಾಸ ಮೂಡಿಸುವ ವಿಧಾನ) ಚುಕ್ಕಿ ಅಥವಾ ಪಟ್ಟಿಯಾಗಿ ಬಿಡಿಸಿಕೊಳ್ಳಬೇಕು.

ತಯಾರಿಗೆ ಎರಡು ಮುಖ್ಯ ದಾರಿಗಳಿವೆ. ಒಂದು, ನೇರವಾಗಿ ಸಿಲಿಕಾನ್ ಬಿಲ್ಲೆಯ ಮೇಲೆ ಬೆಳೆಸುವುದು. 1ರಿಂದ 2 ನ್ಯಾನೊಮೀಟರ್ ಕಬ್ಬಿಣದ ಪದರ ಇಟ್ಟು, ಹೈಡ್ರೋಜನ್ ಹರಿಸುತ್ತಾ 700 ಡಿಗ್ರಿ ಆಸುಪಾಸಿಗೆ ಕಾಯಿಸಿದರೆ ಪದರ ಒಡೆದು ಹನಿಗಳಾಗುತ್ತದೆ. ಆಮೇಲೆ ಅಸಿಟಿಲೀನ್ ಅಥವಾ ಎಥಿಲೀನ್ ಬಿಟ್ಟರೆ ಹನಿಗೊಂದು ಕೊಳವೆ ಮೇಲೇಳುತ್ತದೆ. ಕಬ್ಬಿಣ ಮತ್ತು ಸಿಲಿಕಾನ್ ನಡುವೆ ತಡೆಪದರ ಇಡದಿದ್ದರೆ ಲೋಹ ಸಿಲಿಕಾನಿನೊಳಗೆ ಇಳಿದು ಸಿಲಿಸೈಡ್ ಆಗುತ್ತದೆ, ಏನೂ ಬೆಳೆಯುವುದಿಲ್ಲ. ಬೆಳವಣಿಗೆಗೆ ಅತ್ಯುತ್ತಮ ತಡೆಪದರ ಅಲ್ಯುಮಿನಾ. ಆದರೆ ಅದು ಅವಾಹಕ, ಕೊಳವೆಗೆ ವಿದ್ಯುತ್ ತಲುಪುವ ದಾರಿಯನ್ನೇ ಕಟ್ಟಿಹಾಕುತ್ತದೆ. ಎಲೆಕ್ಟ್ರಾನ್ ಹೊರಡಿಸುವ ಉದ್ದೇಶವಿದ್ದರೆ ಟೈಟಾನಿಯಂ ನೈಟ್ರೈಡ್‌ನಂಥ ವಾಹಕ ಪದರವೇ ಬೇಕು, ಬೆಳೆ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಒಂದೊಂದೇ ಕೊಳವೆ ನೆಟ್ಟಗೆ ನಿಲ್ಲಬೇಕಾದರೆ ನಿಕಲ್ ಚುಕ್ಕಿಗಳ ಮೇಲೆ ಅಸಿಟಿಲೀನ್-ಅಮೋನಿಯ ಪ್ಲಾಸ್ಮಾದಲ್ಲಿ ಬೆಳೆಸುತ್ತಾರೆ. ಪ್ಲಾಸ್ಮಾದ ವಿದ್ಯುತ್ ಕ್ಷೇತ್ರವೇ ಕೊಳವೆಯನ್ನು ನೇರ ಮಾಡುತ್ತದೆ, ಅಮೋನಿಯ ಹೆಚ್ಚುವರಿ ಇಂಗಾಲವನ್ನು ಕೆತ್ತಿ ತೆಗೆಯುತ್ತದೆ.

ಎರಡನೆಯದು ಪೇಸ್ಟ್. ಕಡಿಮೆ ಸಲಕರಣೆಯ ಪ್ರಯೋಗಾಲಯಕ್ಕೆ ಇದೇ ಒಳ್ಳೆಯದು, ಆದ್ದರಿಂದ ಸ್ವಲ್ಪ ಹತ್ತಿರದಿಂದ ನೋಡೋಣ. ಟರ್ಪಿನಿಯಾಲ್ ದ್ರಾವಕವನ್ನು 60ರಿಂದ 80 ಡಿಗ್ರಿಗೆ ಕಾಯಿಸಿ ಅದರಲ್ಲಿ ಈಥೈಲ್ ಸೆಲ್ಯುಲೋಸ್ ಕರಗಿಸಿ. ಗಟ್ಟಿ ಜೇನಿನ ಹದ ಬರಬೇಕು. ಇದಕ್ಕೆ ನೂರಕ್ಕೆ ಕೆಲವೇ ಪಾಲು ನ್ಯಾನೊಕೊಳವೆ, ಜೊತೆಗೆ ತಳಕ್ಕೆ ಹಿಡಿಯಲು ನುಣ್ಣನೆಯ ಗಾಜಿನ ಪುಡಿ ಅಥವಾ ಬೆಳ್ಳಿಯ ಪುಡಿ. ಕೊಳವೆಗಳು ಉಂಡೆ ಕಟ್ಟುವ ಸ್ವಭಾವದವು. ಮೂರು ಉರುಳೆಯ ಗಿರಣಿಯಲ್ಲಿ ಹಲವು ಸಲ ಅರೆಯಬೇಕು. ಒಂದು ಉಂಡೆ ಉಳಿದರೂ ಮುಂದೆ ಕಿಡಿ ಹಾರುವುದು ಅಲ್ಲಿಂದಲೇ. ನಂತರ 325 ಅಥವಾ 400 ಮೆಶ್ ಜಾಲರಿಯ ಮೂಲಕ ಸ್ಕ್ರೀನ್ ಪ್ರಿಂಟ್ ಮಾಡಿ, 120 ಡಿಗ್ರಿಯಲ್ಲಿ ಒಣಗಿಸಿ, ಅಂಟನ್ನು ಸುಡಬೇಕು. ಹೆಚ್ಚಿನವರು ಎಡವುವುದು ಇಲ್ಲಿ. ಗಾಳಿಯಲ್ಲಿ ಸುಟ್ಟರೆ ಈಥೈಲ್ ಸೆಲ್ಯುಲೋಸ್ ಪೂರ್ತಿ ಹೋಗುತ್ತದೆ, ಆದರೆ 400 ಡಿಗ್ರಿ ದಾಟಿದರೆ ಕೊಳವೆಗಳೂ ಉರಿಯತೊಡಗುತ್ತವೆ. ಅವುಗಳಲ್ಲಿ ಕ್ಯಾಟಲಿಸ್ಟ್ ಲೋಹ ಉಳಿದಿದ್ದರೆ ಇನ್ನೂ ಬೇಗ. ಬರೀ ನೈಟ್ರೋಜನ್ನಿನಲ್ಲಿ ಸುಟ್ಟರೆ ಕೊಳವೆ ಉಳಿಯುತ್ತದೆ, ಅಂಟು ಮಸಿಯಾಗಿ ಅಲ್ಲೇ ಕೂರುತ್ತದೆ, ನಿರ್ವಾತದಲ್ಲಿ ಅನಿಲ ಕಕ್ಕುತ್ತದೆ. ಮೊದಲು ಗಾಳಿಯಲ್ಲಿ 350 ಡಿಗ್ರಿಯೊಳಗೆ, ಆಮೇಲೆ ನೈಟ್ರೋಜನ್ನಿನಲ್ಲಿ ಇನ್ನೂ ಮೇಲಕ್ಕೆ ಎನ್ನುವ ಎರಡು ಹಂತದ ಸುಡುವಿಕೆ ನಂಬಬಹುದಾದದ್ದು.

ಸುಟ್ಟು ತೆಗೆದಾಗ ಕೊಳವೆಗಳೆಲ್ಲ ಮಲಗಿರುತ್ತವೆ, ಗಾಜಿನೊಳಗೆ ಹೂತಿರುತ್ತವೆ. ಎಬ್ಬಿಸಬೇಕು. ಅಂಟು ಟೇಪನ್ನು ಮೃದುವಾಗಿ ಒತ್ತಿ, ಒಂದೇ ಎಳೆತಕ್ಕೆ ಕಿತ್ತರೆ ಮೇಲಿನ ಪದರ ಹೋಗಿ ಒಳಗಿನ ಕೊಳವೆಗಳ ತುದಿಗಳು ನೆಟ್ಟಗೆ ನಿಲ್ಲುತ್ತವೆ. ಕೇಳಲು ಒರಟು ಉಪಾಯ, ಆದರೆ ಈ ಒಂದು ಹೆಜ್ಜೆಯಿಂದ ಬೇಕಾಗುವ ವೋಲ್ಟೇಜು ಗಣನೀಯವಾಗಿ ಇಳಿಯುತ್ತದೆ. ಟೇಪಿನ ಅಂಟು ಉಳಿಯದಂತೆ ನೋಡಿಕೊಳ್ಳಿ. ಒಣ ಪುಡಿ ತೂಗುವಾಗ ಗಾಳಿ ಹೀರುವ ಗೂಡಿನೊಳಗೇ (ಫ್ಯೂಮ್ ಹುಡ್) ಕೆಲಸ ಮಾಡಿ, ಸರಿಯಾದ ಉಸಿರುಗವಸು ಹಾಕಿ. ಉದ್ದವಾದ, ಬಿರುಸಾದ ಕೊಳವೆಗಳು ಪ್ರಾಣಿಗಳ ದೇಹದಲ್ಲಿ ಆಸ್ಬೆಸ್ಟಾಸ್ ನಾರಿನಂತೆ ವರ್ತಿಸಿದ್ದು ಕಂಡಿದೆ. ಇದರಲ್ಲಿ ರಾಜಿ ಬೇಡ.

ಇನ್ನು ಅಳತೆ. ಕ್ಯಾಥೋಡ್ ಎದುರಿಗೆ ಎಲೆಕ್ಟ್ರಾನ್ ಸೆಳೆಯುವ ಆನೋಡ್ ಆಗಿ ವಾಹಕ ಲೇಪದ ಗಾಜು, ಅದರ ಮೇಲೆ ಫಾಸ್ಫರ್, ನಡುವೆ 200 ಮೈಕ್ರಾನಿನ ಅಲ್ಯುಮಿನಾ ಅಥವಾ ಅಭ್ರಕದ ತುಂಡು. ನಿರ್ವಾತ 10⁻⁷ ಟಾರ್ (ಟಾರ್ ಎಂದರೆ ಒತ್ತಡದ ಒಂದು ಅಳತೆ) ಅಥವಾ ಅದಕ್ಕಿಂತ ಉತ್ತಮ ಇರಲಿ. 10⁻⁶ ಟಾರ್‌ನಲ್ಲಿ, ಬಡಿದ ಅಣುಗಳೆಲ್ಲ ಅಂಟಿದರೆ, ಶುದ್ಧ ಮೇಲ್ಮೈಯನ್ನು ಒಂದು ಪದರ ಅನಿಲ ಮುಚ್ಚಲು ಸುಮಾರು ಒಂದು ಸೆಕೆಂಡು ಸಾಕು. 10⁻⁹ ಆದರೆ ಸಾವಿರ ಸೆಕೆಂಡು. ತುದಿಗೆ ನೀರಿನ ಅಣು ಕೂತರೆ ಎಲೆಕ್ಟ್ರಾನ್ ಇನ್ನೂ ಸುಲಭವಾಗಿ ಹೊರಡುತ್ತದೆ, ನೋಡುವವರಿಗೆ ಖುಷಿಯಾಗುತ್ತದೆ. ವಿದ್ಯುತ್ ಹೆಚ್ಚಿ ತುದಿ ಬಿಸಿಯಾದಾಗ ಆ ಅಣು ಹಾರಿಹೋಗಿ ವಿದ್ಯುತ್ ದಿಢೀರನೆ ಕುಸಿಯುತ್ತದೆ. ಮೊದಲ ಓಟದ ಗೆರೆಯನ್ನು ಎಂದೂ ಫಲಿತಾಂಶವೆಂದು ಕೊಡಬಾರದು ಅನ್ನುವುದು ಇದಕ್ಕೇ. ಆಮ್ಲಜನಕ ಬೇರೆ ಥರ: ಅದು ತುದಿಯನ್ನೇ ತಿಂದುಹಾಕುತ್ತದೆ, ಆ ನಷ್ಟ ವಾಪಸ್ಸು ಬರುವುದಿಲ್ಲ.

ಸರಣಿಯಲ್ಲಿ 1 ಮೆಗಾಓಮ್ ರೋಧಕ ಇಡಲೇಬೇಕು. 100 ಮೈಕ್ರೋಆಂಪಿಯರ್ ಹರಿದಾಗ ಅದು 100 ವೋಲ್ಟ್ ನುಂಗುತ್ತದೆ, ಕಿಡಿ ಹಾರಿದರೆ ಮಾದರಿಯನ್ನು ಉಳಿಸುತ್ತದೆ. ವೋಲ್ಟೇಜನ್ನು 10ರಿಂದ 20ರಂತೆ ಏರಿಸಿ, ಒಂದೊಂದು ಮೆಟ್ಟಿಲಿನಲ್ಲೂ ಏರಿಳಿತ ಅಡಗುವ ತನಕ ಕಾಯಿರಿ. ಇದು ಪಳಗಿಸುವ ಹಂತ. ಅತಿ ಉದ್ದದ ಕೊಳವೆಗಳು ಒಂದೊಂದಾಗಿ ಸುಟ್ಟು ಮೊಟಕಾಗಿ, ಉಳಿದವುಗಳ ಮಟ್ಟಕ್ಕೆ ಬರುತ್ತವೆ. ಅವಸರ ಮಾಡಿದರೆ ಸುಡುವ ಬದಲು ಬುಡಸಮೇತ ಕಿತ್ತುಬಂದು ಆನೋಡಿಗೆ ಸೇತುವೆ ಕಟ್ಟುತ್ತವೆ. ಒಂದು ಚದರ ಸೆಂಟಿಮೀಟರಿಗೆ 10 ಮೈಕ್ರೋಆಂಪಿಯರ್ ಬರುವ ಕ್ಷೇತ್ರವನ್ನು ಆರಂಭದ ಕ್ಷೇತ್ರ ಎಂದು ಬರೆಯುವುದು ರೂಢಿ. ಒಳ್ಳೆಯ ಪದರಕ್ಕೆ ಅದು ಮೈಕ್ರಾನಿಗೆ 1ರಿಂದ 3 ವೋಲ್ಟ್. ವಿದ್ಯುತ್ ಹೆಚ್ಚಿದಾಗ ಆನೋಡಿನ ಬಿಸಿ ನೆನಪಿರಲಿ. 2000 ವೋಲ್ಟಿನಲ್ಲಿ 1 ಮಿಲಿಆಂಪಿಯರ್ ಎಂದರೆ 2 ವಾಟ್; ಅದಕ್ಕೆ ಫಾಸ್ಫರ್ ಕಾದು ಅನಿಲ ಬಿಡುತ್ತದೆ, ಆ ಅನಿಲ ಅಯಾನಾಗಿ ತಿರುಗಿ ಬಂದು ಕೊಳವೆಗಳಿಗೇ ಬಡಿಯುತ್ತದೆ. ಪಲ್ಸ್ ಕೊಟ್ಟು ಅಳೆಯಿರಿ.

ದತ್ತಾಂಶ ಬಂದ ಮೇಲೆ, ವಿದ್ಯುತ್ತನ್ನು ಕ್ಷೇತ್ರದ ವರ್ಗದಿಂದ ಭಾಗಿಸಿ ಅದರ ಸಹಜ ಲಾಗರಿದಮ್ಮನ್ನು, ಕ್ಷೇತ್ರದ ವಿಲೋಮದ ಎದುರು ಗೆರೆ ಎಳೆಯುತ್ತೇವೆ. ನೇರ ಗೆರೆ, ಇಳಿಜಾರು ಸಿಗಬೇಕು. ವರ್ಕ್ ಫಂಕ್ಷನ್ 5 ಆಗಿದ್ದು, ಕ್ಷೇತ್ರವನ್ನು ಮೈಕ್ರಾನಿಗೆ ವೋಲ್ಟ್‌ಗಳಲ್ಲಿ ಬರೆದಿದ್ದರೆ, ಸುಮಾರು 76,000ವನ್ನು ಆ ಇಳಿಜಾರಿನಿಂದ ಭಾಗಿಸಿದರೆ ಬೀಟಾ ಬರುತ್ತದೆ. ಇಳಿಜಾರು 38 ಇದ್ದರೆ ಬೀಟಾ 2000. ಈಗ ಮೈಕ್ರೋಸ್ಕೋಪಿನಲ್ಲಿ ಕಂಡ ಎತ್ತರ-ತ್ರಿಜ್ಯದ ಜೊತೆ ತಾಳೆ ನೋಡಿ. ಅಲ್ಲಿ 1000 ಕಾಣುವಾಗ ಗೆರೆ 10,000 ಹೇಳಿದರೆ ಅದು ಹೆಮ್ಮೆಪಡುವ ಫಲಿತಾಂಶವಲ್ಲ. ಸಂದು ಅಂದುಕೊಂಡದ್ದಕ್ಕಿಂತ ಕಿರಿದಾಗಿದೆ, ಇಲ್ಲವೇ ಪದರದ ಚಕ್ಕೆಯೊಂದು ಎದ್ದು ನಿಂತಿದೆ, ಇಲ್ಲವೇ ತುದಿಗೆ ಅನಿಲ ಅಂಟಿದೆ, ಇಲ್ಲವೇ ನೀವು ಅಳೆದದ್ದು ಅವಾಹಕದ ಮೇಲಿನ ಸೋರಿಕೆ.

ಸಾಧನಗಳಿಗೆ ಬರೋಣ. ಮೊದಲ ಆಸೆ ಇದ್ದದ್ದು ತೆಳು ಟೀವಿಯ ಮೇಲೆ. 1999ರಲ್ಲಿ ಸ್ಯಾಮ್‌ಸಂಗ್ ಸಂಶೋಧಕರು ಪೂರ್ತಿ ಸೀಲು ಮಾಡಿದ 4.5 ಇಂಚಿನ ಪರದೆ ತೋರಿಸಿದರು. ಚಿತ್ರ ಹೊಳಪಾಗಿತ್ತು. ಆದರೆ ಇಂದಿನ ಮಾಮೂಲಿ ಟೀವಿಯ ಲೆಕ್ಕ ನೋಡಿ: 1920ನ್ನು 1080ರಿಂದ, ಅದನ್ನು ಮೂರು ಬಣ್ಣಗಳಿಂದ ಗುಣಿಸಿದರೆ 62 ಲಕ್ಷ ಚುಕ್ಕಿಗಳು. ಪಕ್ಕಪಕ್ಕದ ಚುಕ್ಕಿಗಳು ಒಂದೇ ಸಮ ಬೆಳಗದಿದ್ದರೆ ಕಣ್ಣು ತಕ್ಷಣ ಹಿಡಿಯುತ್ತದೆ. ಬೀಟಾದಲ್ಲಿ ಹತ್ತರಲ್ಲೊಂದು ಪಾಲು ವ್ಯತ್ಯಾಸವಾದರೆ ಏಳು ಪಟ್ಟು ಹೊಳಪಿನ ವ್ಯತ್ಯಾಸವಾಗುವ ವಸ್ತುವನ್ನು 62 ಲಕ್ಷ ಕಡೆ ಸಮ ಮಾಡಬೇಕು, ಅದೂ ಎಲ್‌ಸಿಡಿ ಬೆಲೆ ವರ್ಷವರ್ಷ ಇಳಿಯುತ್ತಿದ್ದಾಗ. ಪ್ರತಿ ಚುಕ್ಕಿಯ ಕೆಳಗೆ ರೋಧಕ ಪದರ ಇಟ್ಟರೆ ಹೆಚ್ಚು ಹರಿಸುವ ತುದಿಯ ವೋಲ್ಟೇಜು ತಾನಾಗಿ ಇಳಿಯುತ್ತದೆ. 10 ಮೆಗಾಓಮಿನಲ್ಲಿ 1 ಮೈಕ್ರೋಆಂಪಿಯರ್‌ಗೆ 10 ವೋಲ್ಟ್. ಉಪಾಯ ಸರಿಯಾಗಿಯೇ ಇತ್ತು. ಖರ್ಚು ಗಿಟ್ಟಲಿಲ್ಲ.

ಎಕ್ಸ್-ರೇ ಬೇರೆ ಕಥೆ. ಅಲ್ಲಿ ನೂರಾರು ಕೊಳವೆಗಳ ಎಲೆಕ್ಟ್ರಾನ್ ಎಲ್ಲವೂ ಒಂದೇ ಚುಕ್ಕಿಗೆ ಬಂದು ಸೇರುತ್ತದೆ. ಅವುಗಳಲ್ಲಿ ಹೆಚ್ಚುಕಡಿಮೆ ಇದ್ದರೂ ಮೊತ್ತ ಸರಿಯಿದ್ದರೆ ಸಾಕು. ಕ್ಯಾಥೋಡಿನಿಂದ 100-200 ಮೈಕ್ರಾನ್ ದೂರದಲ್ಲಿ ಟಂಗ್‌ಸ್ಟನ್ ಜಾಲರಿ, ಅದಕ್ಕೆ ಒಂದೆರಡು ಸಾವಿರ ವೋಲ್ಟ್. ಆ ವೋಲ್ಟೇಜನ್ನು ಹಾಕಿ ತೆಗೆದಂತೆ ಕಿರಣ ಮೈಕ್ರೋಸೆಕೆಂಡುಗಳಲ್ಲಿ ಹತ್ತಿ ಆರುತ್ತದೆ. ಇಲಿಯ ಎದೆಯ ಚಿತ್ರ ತೆಗೆಯುವಾಗ ಉಸಿರಿಗೂ ಹೃದಯದ ಬಡಿತಕ್ಕೂ ತಾಳ ಹಾಕಬಹುದು. ಅಮೆರಿಕದ ಚಾಪೆಲ್ ಹಿಲ್‌ನ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓಟೊ ಜೌ ಅವರ ಗುಂಪು 2002ರಲ್ಲಿ ಇಂಥ ಕ್ಯಾಥೋಡಿನಿಂದ ವೈದ್ಯಕೀಯ ಮಟ್ಟದ ಎಕ್ಸ್-ರೇ ತೆಗೆದು ತೋರಿಸಿತು. ಮುಂದೆ ಅದೇ ಗುಂಪು ಸ್ತನದ ಟೊಮೊಸಿಂಥೆಸಿಸ್ ಯಂತ್ರದಲ್ಲಿ (ಹಲವು ಕೋನಗಳಿಂದ ಎಕ್ಸ್-ರೇ ತೆಗೆದು ಪದರಪದರವಾಗಿ ತೋರಿಸುವ ಯಂತ್ರ) ಒಂದು ಓಡಾಡುವ ಟ್ಯೂಬಿನ ಜಾಗದಲ್ಲಿ 31 ಸ್ಥಿರ ಮೂಲಗಳನ್ನು ಒಂದೇ ನಿರ್ವಾತ ಪೆಟ್ಟಿಗೆಯೊಳಗೆ ಸಾಲಾಗಿ ಇಟ್ಟಿತು. ಟ್ಯೂಬ್ ಚಲಿಸುತ್ತಾ ಚಿತ್ರ ತೆಗೆದರೆ ಸಣ್ಣ ಸುಣ್ಣದ ಕಣಗಳು ಮಸುಕಾಗುತ್ತವೆ. ಕ್ಯಾನ್ಸರಿನ ಮೊದಲ ಸುಳಿವು ಎಷ್ಟೋ ಸಲ ಆ ಕಣಗಳೇ. ಮೂಲ ಕದಲದಿದ್ದರೆ ಆ ಮಸುಕಿಲ್ಲ. ನನಗೆ ಈ ಇಡೀ ಕ್ಷೇತ್ರದಲ್ಲಿ ಅತ್ಯಂತ ಬೆಲೆಯುಳ್ಳ ಬಳಕೆ ಅನ್ನಿಸುವುದು ಇದೇ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿರುವ ಮೈಕ್ರೋ-ಎಕ್ಸ್ ಸಂಸ್ಥೆ ಇದೇ ತತ್ವದ ಹಗುರ ಟ್ಯೂಬುಗಳಿಂದ ವಾರ್ಡಿನೊಳಗೆ ತಳ್ಳಿಕೊಂಡು ಹೋಗುವ ಎಕ್ಸ್-ರೇ ಗಾಡಿಗಳನ್ನು ಮಾರಾಟಕ್ಕೆ ತಂದಿದೆ.

ಮಿತಿಯೂ ಇದೆ. ಹೊರಟ ಎಲೆಕ್ಟ್ರಾನುಗಳಲ್ಲಿ ಒಂದು ಪಾಲು ಜಾಲರಿಗೇ ಬಡಿದು ನಷ್ಟವಾಗುತ್ತದೆ, ಜಾಲರಿ ಕಾದು ಡೊಂಕಾದರೆ ಸಂದು ಬದಲಾಗಿ ವಿದ್ಯುತ್ತೂ ಬದಲಾಗುತ್ತದೆ. ದೊಡ್ಡ ಎಕ್ಸ್-ರೇ ಯಂತ್ರದ ಬಿಸಿ ತಂತಿ ಕೊಡುವ ನೂರಾರು ಮಿಲಿಆಂಪಿಯರ್ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಒಂದೇ ಕೊಳವೆ ಸಾಕು, ಹಂಚಿಕೆಯ ಗೋಳೇ ಇಲ್ಲ. ಅಲ್ಲಿ ಹೊರಡುವ ಎಲೆಕ್ಟ್ರಾನುಗಳ ಶಕ್ತಿಯ ಹರವು 0.2ರಿಂದ 0.3 ಎಲೆಕ್ಟ್ರಾನ್ ವೋಲ್ಟ್, ಬಿಸಿ ಟಂಗ್‌ಸ್ಟನ್ ತಂತಿಯದು ಒಂದಕ್ಕಿಂತ ಹೆಚ್ಚು. ಕಷ್ಟ ಇರುವುದು ಒಂದು ಕೊಳವೆಯನ್ನು ಟಂಗ್‌ಸ್ಟನ್ ಸೂಜಿಯ ತುದಿಗೆ, ಅಕ್ಷಕ್ಕೆ ಸರಿಯಾಗಿ ಅಂಟಿಸುವುದರಲ್ಲಿ. ಮೈಕ್ರೋವೇವ್ ಕಡೆ, 2005ರಲ್ಲಿ 1.5 ಗಿಗಾಹರ್ಟ್ಸ್‌ನಲ್ಲಿ ಕೊಳವೆಗಳಿಂದ ನೇರವಾಗಿ ಮಿಡಿಯುವ ಎಲೆಕ್ಟ್ರಾನ್ ಕಿರಣ ತೆಗೆದು ತೋರಿಸಿದ್ದಾರೆ. ಬೆಂಗಳೂರಿನಲ್ಲಿ ಡಿಆರ್‌ಡಿಒದ ಮೈಕ್ರೋವೇವ್ ಟ್ಯೂಬ್ ಕೇಂದ್ರವಿರುವ ನಮಗೆ ಆ ದಿಕ್ಕು ದೂರದ್ದಲ್ಲ. ಬಾಹ್ಯಾಕಾಶಕ್ಕೂ ಇದು ಹೋಗಿದೆ. 2015ರ ಡಿಸೆಂಬರಿನಲ್ಲಿ ಹಾರಿದ ಲೀಸಾ ಪಾತ್‌ಫೈಂಡರ್ ನೌಕೆಯಲ್ಲಿ ನಾಸಾದ ಪುಟ್ಟ ಥ್ರಸ್ಟರುಗಳಿದ್ದವು. ಅವು ಧನ ಆವೇಶದ ದ್ರವದ ಹನಿಗಳನ್ನು ಉಗುಳುತ್ತವೆ; ಉಗುಳುತ್ತಾ ಹೋದಂತೆ ನೌಕೆಯ ಮೇಲೆ ಋಣ ಆವೇಶ ಸೇರುತ್ತದೆ. ಅದನ್ನು ಹೊರಹಾಕಲು ಇಟ್ಟದ್ದು ನ್ಯಾನೊಕೊಳವೆಯ ಕ್ಯಾಥೋಡ್. ಬೇಕಾದ ವಿದ್ಯುತ್ ಅತ್ಯಲ್ಪ, ಕಾಯಿಸಲು ವಾಟುಗಳ ಖರ್ಚಿಲ್ಲ, ನಿರ್ವಾತ ಪುಕ್ಕಟೆ.

ನಮ್ಮಲ್ಲಿ ಇದರ ಬೇರು ಹಳೆಯದು. ಸಿ.ಎನ್.ಆರ್. ರಾವ್ ಮತ್ತು ಗೋವಿಂದರಾಜ್ ಅವರ ಗುಂಪು ಬೆಂಗಳೂರಿನಲ್ಲಿ 1998ರಲ್ಲೇ ಫೆರೊಸೀನ್ ಆವಿಯನ್ನು ಬಿಸಿ ಕುಲುಮೆಯಲ್ಲಿ ಒಡೆದು ಸಾಲಾಗಿ ನಿಂತ ಕೊಳವೆ ಕಟ್ಟುಗಳನ್ನು ಬೆಳೆಸಿತ್ತು. ಫೆರೊಸೀನಿನಲ್ಲಿ ಕಬ್ಬಿಣವೂ ಇಂಗಾಲವೂ ಒಟ್ಟಿಗೇ ಇರುವುದರಿಂದ ಕ್ಯಾಟಲಿಸ್ಟ್ ಪದರವನ್ನು ಬೇರೆ ಇಡಬೇಕಿಲ್ಲ. ಅವರು ಪುಣೆ ವಿಶ್ವವಿದ್ಯಾಲಯದ ಜೋಗ್ ಅವರ ಗುಂಪಿನೊಂದಿಗೆ ಸೇರಿ ಟಂಗ್‌ಸ್ಟನ್ ತುದಿಯ ಮೇಲೆ ಬೆಳೆಸಿದ ಕೊಳವೆಗಳಿಂದ ಎಲೆಕ್ಟ್ರಾನ್ ಹೊರಡಿಸಿದ ಕೆಲಸ 2001ರದ್ದು.

ಇಲ್ಲಿರುವ ವಿದ್ಯಾರ್ಥಿಗಳು ಕ್ಯಾಥೋಡ್ ಮಾಡಲು ಹೊರಟರೆ, ಆಯುಷ್ಯದ ಪರೀಕ್ಷೆಯನ್ನು ಸ್ಥಿರ ವೋಲ್ಟೇಜಿನಲ್ಲಿ ಮಾಡಬೇಡಿ. ವಿದ್ಯುತ್ತನ್ನು ಸ್ಥಿರವಾಗಿಟ್ಟು ವೋಲ್ಟೇಜು ಎತ್ತ ಸಾಗುತ್ತದೆ ಎಂದು ಬರೆದಿಡಿ, ಪಕ್ಕದಲ್ಲೇ ನಿರ್ವಾತದ ಒತ್ತಡವನ್ನೂ ಬರೆದಿಡಿ. ವೋಲ್ಟೇಜು ದಿನದಿನಕ್ಕೆ ನಿಧಾನವಾಗಿ ಏರುತ್ತಿದ್ದರೆ ತುದಿಗಳು ಸವೆಯುತ್ತಿವೆ. ಅದು ಸಹಜ, ಏರುವ ವೇಗದಿಂದ ಆಯುಷ್ಯ ಅಂದಾಜು ಮಾಡಬಹುದು. ಒತ್ತಡದ ಜೊತೆಜೊತೆಗೆ ಏರಿಳಿದರೆ ತಪ್ಪು ಕೊಳವೆಯದ್ದಲ್ಲ, ಒಳಗೆ ಅಂಟಿದ ಅನಿಲ ಹೋಗುವಷ್ಟು ಬೇಯಿಸದ ನಿರ್ವಾತ ಪೆಟ್ಟಿಗೆಯದ್ದು. ಮತ್ತೆ 300 ಡಿಗ್ರಿಗೆ ಬೇಯಿಸಿ. ವೋಲ್ಟೇಜು ಇದ್ದಕ್ಕಿದ್ದಂತೆ ಕೆಳಗೆ ಧುಮುಕಿದರೆ ಮಾತ್ರ ತಕ್ಷಣ ಸ್ವಿಚ್ ಆರಿಸಿ. ಪದರದ ಚಕ್ಕೆಯೊಂದು ಎದ್ದು ನಿಂತಿರುತ್ತದೆ, ಮುಂದಿನ ಕಿಡಿ ಅಲ್ಲಿಂದಲೇ ಹಾರುತ್ತದೆ.